ಇಬ್ಬರಿಗೊಂದು ಮನೆ

ಮೈಸೂರು
14-6-2003

ಭೂತಮ್ಮನಿಗೆ ಮಂಗಳಮ್ಮನ ಆಶೀರ್ವಾದ.

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಎಸ್ಟೇಟಿನ ಸ್ಟೋರಿನಲ್ಲಿ ಸಂಜೆ ಹೊತ್ತು ನಿಮಗೆಲ್ಲ ಅಕ್ಷರ ಕಲಿಸಿದೆನಲ್ಲ, ಕೊನೆಯವರೆಗೆ ಉಳಿದವಳು ನೀನೊಬ್ಬಳೇ. ಕಲಿತದ್ದು ಮರೆತು ಹೋಗಬಾರದೆಂದು ಬರೆಯುತ್ತಿದ್ದೇನೆ. ಉತ್ತರ ನೀನೇ ಬರೆ. ತೋಟದ ಲೆಕ್ಕ ಬರೆಯುವ ರೈಟರ್ ರಂಗಸ್ವಾಮಿಯ ಕೈಲಿ ಬರೆಸಿದರೆ ನನಗೆ ಗೊತ್ತಾಗಿಬಿಡುತ್ತದೆ, ಹುಷಾರು.

ಮಾನಸಳ ಬಾಣಂತನಕ್ಕೆಂದು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಅಣ್ಣ ಅತ್ತಿಗೆ ಇದ್ದಿದ್ದರೆ ಮಗಳಿಗೆ ಅವರೇ ಮಾಡುತ್ತಿದ್ದರು. ಅವರಿಲ್ಲ, ಆದ್ದರಿಂದ ಸೋದರತ್ತೆಯ ಸರದಿ. ಕಾರಿನಲ್ಲಿ ತಂದು ಬಿಡುವಾಗ ನಿಮ್ಮ ಚಿಕ್ಕ ಧಣಿ ಪ್ರವೀಣ "ಮೂರೇ ತಿಂಗ್ಳು ಅತ್ತೆ, ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದ. ಮಗು ದುಂಡಗಿದೆ, ಅಭಿ ಅಂತ ಹೆಸರಿಟ್ಟಿದ್ದಾರೆ. ಸಂಜೆಯಾದರೆ ರಾಗ ತೆಗೆಯುತ್ತಾನೆ, ಅದು ನಮ್ಮ ಮನೆತನದ ಸ್ವಭಾವ.

ನಿನಗೊಂದು ಕೆಲಸ. ಬಂಗಲೆಯ ಮೂಲೆಯಲ್ಲಿರುವ ನನ್ನ ಕೋಣೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಡುವಾದಾಗ ಕಿಟಕಿ ತೆಗೆದು ಗಾಳಿಯಾಡಿಸು. ಹುಟ್ಟಿದ್ದು ಆ ಮನೆಯಲ್ಲಿ, ಸಾಯುವುದೂ ಅಲ್ಲೇ. ನಡುವೆ ಮೂರು ತಿಂಗಳು ಹೊರಗಿದ್ದೇನೆ, ಅಷ್ಟೇ.

ಸರ್ವಮಂಗಳ

*

ಯಸಳೂರು
20-7-2003

ಅಮ್ಮಾವ್ರ ಪಾದಕ್ಕೆ ಭೂತಮ್ಮ ಮಾಡುವ ನಮಸ್ಕಾರ.

ನನ್ನ ಹೆಸರಿಗೆ ಕಾಗದ ಬಂತು ಅಂತ ಕೂಲಿ ಲೈನಿನ ಮನೆಗಳವರೆಲ್ಲ ಬಂದು ನೋಡಿದರು. ಉತ್ತರ ಬರೆಯುವುದಕ್ಕೆ ಒಂದು ಭಾನುವಾರ ಸಾಲಲಿಲ್ಲ. ಒತ್ತು ದೀರ್ಘ ತಪ್ಪಿದ್ದರೆ ಬೈಯಬೇಡಿ, ಬೈದರೂ ಇಲ್ಲಿಗೆ ಕೇಳಿಸುವುದಿಲ್ಲ.

ಚಿಕ್ಕ ಧಣಿಗಳು ನನ್ನನ್ನು ತೋಟದ ಕೆಲಸ ಬಿಡಿಸಿ ಬಂಗಲೆಯ ಒಳಗೆ ಹಾಕಿದ್ದಾರೆ. ನಿಮ್ಮ ಕೋಣೆಯನ್ನು ದಿನಾ ಗುಡಿಸಿ ಒರೆಸುತ್ತೇನೆ. ಕಿಟಕಿ ತೆಗೆಯುತ್ತೇನೆ. ಹಾಸಿಗೆಯ ಬಟ್ಟೆ ಒಗೆದು ಬೇರೆಯದು ಹಾಸುತ್ತೇನೆ. ಬೂಷ್ಟಿನ ಯೋಚನೆ ಬಿಡಿ.

ನೀವಿಲ್ಲದೆ ನನಗೆ ಬೇಜಾರು. ಅವಸರ ಮಾತ್ರ ಮಾಡಬೇಡಿ. ಮಗುವಿಗೆ ಕಾಲು ಬರಲಿ, ನಿಧಾನಕ್ಕೆ ಬನ್ನಿ.

ಭೂತಮ್ಮ

*

ಮೈಸೂರು
23-11-2003

ಭೂತಮ್ಮನಿಗೆ ಆಶೀರ್ವಾದ.

ನಿನಗೆಲ್ಲೋ ಹುಚ್ಚು. ಮಲಗುವವರೇ ಇಲ್ಲದ ಹಾಸಿಗೆಗೆ ದಿನಾ ಯಾಕೆ ಬಟ್ಟೆ ಬದಲಾಯಿಸುತ್ತೀಯೆ? ವಾರಕ್ಕೊಮ್ಮೆ ಸಾಕು. ಆದರೂ ಆ ಸಾಲು ಓದಿ ಕಣ್ಣು ತುಂಬಿ ಬಂತು. ನಾನಿಲ್ಲದಿದ್ದರೂ ನನಗಾಗಿ ಒಬ್ಬಳು ಹಾಸಿಗೆ ಹಾಸುತ್ತಾಳಲ್ಲ ಅನ್ನಿಸಿತು.

ಮೂರು ತಿಂಗಳು ಎಂದೋ ಕಳೆಯಿತು. ಪ್ರವೀಣನಿಗೆ ಫೋನು ಮಾಡಿದರೆ "ಈಗ ಕಾಫಿ ಕುಯ್ಲಿನ ಟೈಮು ಅತ್ತೆ, ಮುಗೀಲಿ" ಅನ್ನುತ್ತಾನೆ. ಇತ್ತ ಮಾನಸಳ ರಜ ಮುಗಿದು ಅವಳು ಬ್ಯಾಂಕಿಗೆ ಹೋಗುತ್ತಿದ್ದಾಳೆ. ಆಯಾ ಇಡೋಣವೇ ಅಂತ ಮಾತು ಬಂತು. ಮಗುವನ್ನು ನೋಡಲು ಬಂದಿದ್ದ ಅವಳ ಅತ್ತೆ "ಮಂಗಳಮ್ಮ ಇದಾರಲ್ಲ, ಆಯಾ ಯಾಕೆ?" ಅಂದರು. ಹೊಗಳಿಕೆ ಅಂತಲೇ ಹೇಳಿದರು ಪಾಪ. ನಿನಗಾದರೆ ಶನಿವಾರ ಬಟವಾಡೆ, ಭಾನುವಾರ ರಜ. ನನಗೆ ಎರಡೂ ಇಲ್ಲ.

ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಬಾಗಿಲು ಎಳೆದುಕೊಂಡು ಹೋದರೆ ಸಂಜೆಯವರೆಗೆ ನಾನು ಮತ್ತು ಮಗು. ಮಗುವಿಗೆ ಮಾತು ಬರುವುದಿಲ್ಲ, ನನಗೆ ಮರೆತುಹೋಗುತ್ತಿದೆ. ಈ ಬೀದಿಯಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಅಭಿಯ ಅಜ್ಜಿ ಅನ್ನುತ್ತಾರೆ. ಮದುವೆಯೇ ಆಗದೆ ಅಜ್ಜಿಯಾದೆ ನೋಡು!

ಕುಯ್ಲು ಹೇಗಿದೆ, ಬರೆ.

ಸರ್ವಮಂಗಳ

*

ಯಸಳೂರು
25-1-2004

ಅಮ್ಮಾವ್ರ ಪಾದಕ್ಕೆ ನಮಸ್ಕಾರ.

ಕುಯ್ಲು ಮುಗಿಯುತ್ತಾ ಬಂತು. ಹಣ್ಣು ಚೆನ್ನಾಗಿತ್ತು, ರೇಟು ಚೆನ್ನಾಗಿಲ್ಲ ಅಂತ ರೈಟರ್ ಹೇಳಿದರು. ಅವರು ಹಾಗೆ ಹೇಳಿದ ವರ್ಷ ನಮ್ಮ ಕೂಲಿ ಏರುವುದಿಲ್ಲ. ಹೊತ್ತು ಹುಟ್ಟುವುದೂ ಮುಳುಗುವುದೂ ಎಲ್ಲರಿಗೂ ಒಂದೇ, ಕೂಲಿ ಮಾತ್ರ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು, ನನ್ನಂಥ ಮುದುಕಿಗೆ ಇನ್ನೊಂದು. ಕೇಳಿದರೆ "ಮೊದ್ಲಿಂದ್ಲೂ ಹಂಗೇ ಐತೆ ಕಣಮ್ಮ" ಅಂದರು.

ಯಸಳೂರಿನಲ್ಲಿ ಹೆಂಗಸರ ಸಂಘದ ಸಭೆ ಇತ್ತು. ಹಾಸನದಿಂದ ಬಂದಿದ್ದ ಒಬ್ಬ ಮೇಡಂ, ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲಿದೆ, ಮದುವೆಯಾಗದೆ ಉಳಿದವರಂತೂ ಧಾರಾಳವಾಗಿ ಕೇಳಬಹುದು ಅಂದರು. ನನಗೆ ನಿಮ್ಮ ನೆನಪಾಯಿತು. ನಿಮ್ಮ ಅಣ್ಣ, ದೊಡ್ಡ ಧಣಿಗಳು, ಕಾಯಿಲೆ ಬಿದ್ದ ಮೇಲೆ ಅಷ್ಟು ವರ್ಷ ತೋಟ ನೋಡಿಕೊಂಡವರು ನೀವು. ನಾನು ಹೇಳುವ ಮಾತಲ್ಲ. ಆದರೂ ಒಂದು ಸಲ ಕೇಳಿ ನೋಡಬಾರದೇ?

ನನ್ನ ಮಗಳು ಕೊಟ್ಟ ಮನೆಯಲ್ಲಿ ಸುಖವಾಗಿದ್ದಾಳೆ. ನಿಮ್ಮ ಕೋಣೆ ಚೊಕ್ಕಟವಾಗಿದೆ.

ಭೂತಮ್ಮ

*

ಮೈಸೂರು
29-8-2004

ಭೂತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಸಿಟ್ಟಿಗೆ. ಅಣ್ಣನ ಮಗನ ಮೇಲೆ ಕೋರ್ಟಿಗೆ ಹೋಗು ಅನ್ನುತ್ತೀಯಾ? ಎತ್ತಿ ಆಡಿಸಿದ ಹುಡುಗನ ಮೇಲೆ? ಲೈನಿನವರು ನೀವು, ನ್ಯಾಯ ಬೇಕಾದರೆ ಗೇಟಿನ ಮುಂದೆ ಕೂತು ಕೂಗುತ್ತೀರಿ, ನಾಲ್ಕು ಜನ ಬಂದು ಸೇರುತ್ತಾರೆ. ನಾನು ಎಲ್ಲಿ ಕೂತು ಕೂಗಲಿ? ನನ್ನ ಜೊತೆ ಕೂರುವವರು ಯಾರು? ದೊಡ್ಡ ಮನೆಯ ಹೆಣ್ಣು ಬಾಯಿ ಬಿಟ್ಟರೆ ಮನೆಯ ಮರ್ಯಾದೆ ಹೋಗುತ್ತದೆ ಅಂತ ಹೇಳಿಸಿಕೊಂಡೇ ಬೆಳೆದವಳು. ಹೋಗಲಿ ಬಿಡು, ಪಾಲು ಯಾರಿಗೆ ಬೇಕು. ನನಗೆ ಬೇಕಾದದ್ದು ಒಂದು ಕೋಣೆ.

ಅಭಿ ಈಗ ಓಡಾಡುತ್ತಾನೆ. ಹತ್ತಿರದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಜಾಗವಿದೆ, ಬಿಡಬಹುದು. ನಾನು ಗೌರಿ ಹಬ್ಬಕ್ಕೆ ಊರಿಗೆ ಬರುವುದೆಂದು ನಿಶ್ಚಯ ಮಾಡಿದ್ದೇನೆ. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗುತ್ತದೆ. ನಾನು ತವರಲ್ಲೇ ಇದ್ದವಳು, ಆದ್ದರಿಂದ ಬಾಗಿನ ಕಂಡಿಲ್ಲ. ಈಗ ಬಾಗಿನವೂ ಇಲ್ಲ, ತವರೂ ಇಲ್ಲ ಅಂತಾದರೆ ಹೇಗೆ?

ಹಬ್ಬದ ಹಿಂದಿನ ದಿನ ಸಕಲೇಶಪುರಕ್ಕೆ ಬಸ್ಸಿನಲ್ಲಿ ಬಂದು ಅಲ್ಲಿಂದ ಆಟೋ ಮಾಡಿಕೊಳ್ಳುತ್ತೇನೆ. ಪ್ರವೀಣನಿಗೆ ಹೇಳಬೇಡ. ನನ್ನ ಮನೆಗೆ ನಾನು ಹೇಳಿ ಕೇಳಿ ಬರಬೇಕೇ? ಕೋಣೆ ಸಿದ್ಧವಾಗಿರಲಿ.

ಸರ್ವಮಂಗಳ

*

ಯಸಳೂರು
6-9-2004

ಅಮ್ಮಾವ್ರ ಪಾದಕ್ಕೆ ಭೂತಮ್ಮನ ನಮಸ್ಕಾರ.

ಬರಬೇಡಿ ಅಮ್ಮಾವ್ರೇ. ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ, ಬರೆದೇ ಬಿಡುತ್ತೇನೆ.

ನೀವು ಮೈಸೂರಿಗೆ ಹೋದ ಸ್ವಲ್ಪ ದಿನಕ್ಕೇ ಬಂಗಲೆಗೆ ಬಣ್ಣ ಹೊಡೆಸಿದರು. ಗೇಟಿನಲ್ಲಿ ಹೋಮ್ ಸ್ಟೇ ಅಂತ ಬೋರ್ಡು ಹಾಕಿದರು. ಶನಿವಾರ ಭಾನುವಾರ ಬೆಂಗಳೂರಿನ ಜನ ಕಾರಿನಲ್ಲಿ ಬಂದು ಉಳಿಯುತ್ತಾರೆ. ಈಗೀಗ ವಾರದ ನಡುವೆಯೂ ಬರುತ್ತಾರೆ. ನಿಮ್ಮ ಕೋಣೆಯ ಕಿಟಕಿಯಿಂದ ಗುಡ್ಡ ಕಾಣುತ್ತದಲ್ಲ, ಅದಕ್ಕೇ ಎಲ್ಲರಿಗೂ ಆ ಕೋಣೆಯೇ ಬೇಕು. ನಾನು ದಿನಾ ಗುಡಿಸಿದ್ದು, ಹಾಸಿಗೆಯ ಬಟ್ಟೆ ಒಗೆದದ್ದು, ಅದು ಅವರಿಗೆ. ನಿಮ್ಮ ಬೀರು, ಸೀರೆಗಳು, ದೇವರ ಪಟ ಸ್ಟೋರಿನಲ್ಲಿವೆ. ಮೇಲೆ ಟಾರ್ಪಾಲು ಹೊದಿಸಿದ್ದೇನೆ. ಈ ಹಬ್ಬಕ್ಕೂ ಕೋಣೆಗಳೆಲ್ಲ ಬುಕ್ಕಾಗಿವೆ.

"ಅಮ್ಮಾವ್ರು ಬಂದ್ರೆ ಎಲ್ಲಿರ್ತಾರೆ ಬುದ್ಧೀ?" ಅಂತ ಒಂದು ದಿನ ಚಿಕ್ಕ ಧಣಿಗಳನ್ನು ಕೇಳಿದೆ. "ಅತ್ತೆಗೆ ಮೈಸೂರೇ ಒಗ್ಗೋಗೈತೆ ಕಣಮ್ಮ, ಅವ್ರೇ ಬರಲ್ಲ ಅಂದ್ಬುಟ್ರು" ಅಂದರು.

ನಾನು ಸುಳ್ಳು ಬರೆದಿಲ್ಲ, ನಿಜವನ್ನೂ ಬರೆಯಲಿಲ್ಲ. ನಿಮಗೆ ನೋವಾಗುತ್ತದೆ ಅಂತ ಅರ್ಧ, ಹೇಳಿದ್ದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ ಅಂತ ಅರ್ಧ. ನೀವು ಆಟೋದಿಂದ ಇಳಿದು ಬಂದಾಗ ನಿಮ್ಮ ಕೋಣೆಯ ಬಾಗಿಲನ್ನು ಯಾರೋ ಒಳಗಿಂದ ತೆಗೆದು "ಯಾರು ಬೇಕು?" ಅಂತ ಕೇಳಬಾರದು ಅಂತ ಈಗ ಬರೆಯುತ್ತಿದ್ದೇನೆ.

ಭೂತಮ್ಮ

*

ಮೈಸೂರು
12-12-2004

ಭೂತಮ್ಮನಿಗೆ.

ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ.

ಪ್ರವೀಣನನ್ನು ಫೋನಿನಲ್ಲಿ ಕೇಳಿದೆ. "ವಯಸ್ಸಾಯ್ತಲ್ಲ ಅತ್ತೆ, ಆ ಕಾಡಲ್ಲಿ ಒಬ್ರೇ ಏನ್ ಮಾಡ್ತೀರಾ? ಅಭೀನೂ ನಿಮ್ಮನ್ನೇ ಹಚ್ಕೊಂಡೈತೆ" ಅಂದ. ಐವತ್ತೇಳು ವರ್ಷ ಆ ಕಾಡಲ್ಲೇ ಇದ್ದೆನಲ್ಲೋ ಅಂತ ಕೇಳಬೇಕಿತ್ತು. ಫೋನಿಟ್ಟು ಹೋಗಿ ಮಗುವಿಗೆ ಅನ್ನ ಕಲೆಸಿದೆ.

ಅವನ ಮಾತು ಬಿಡು. ನೀನು? ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಇಲ್ಲಿ ಕೂತು ಆ ಕೋಣೆಯನ್ನು ನೆನೆಸಿಕೊಂಡು ದಿನ ದೂಡಿದೆ. ನಮ್ಮ ಮನೆಯ ಉಪ್ಪು ತಿಂದು ನನಗೇ ಮುಚ್ಚಿಟ್ಟೆ. ನಿನಗೆ ಅಕ್ಷರ ಕಲಿಸಿದ್ದೇ ತಪ್ಪಾಯಿತು. ಇನ್ನು ಬರೆಯಬೇಡ.

ಸರ್ವಮಂಗಳ

*

ಆಲೂರು
20-2-2005

ಅಮ್ಮಾವ್ರಿಗೆ ಭೂತಮ್ಮನ ನಮಸ್ಕಾರ.

ಬರೆಯಬೇಡ ಅಂದಿರಿ. ಬರೆಯುತ್ತಿದ್ದೇನೆ. ಕಲಿಸಿದ ಅಕ್ಷರ ವಾಪಸ್ ಕೇಳಿದರೆ ನಾನಾದರೂ ಎಲ್ಲಿಂದ ಕೊಡಲಿ?

ಊರಿನ ಹೆಸರು ನೋಡಿದಿರಲ್ಲ. ಸಂಕ್ರಾಂತಿ ಕಳೆದ ಮೇಲೆ ರೈಟರ್ ಕರೆದು "ವಯಸ್ಸಾಯ್ತು ಭೂತಮ್ಮ, ಇನ್ನು ಸಾಕು. ಲೈನ್ ಖಾಲಿ ಮಾಡ್ಬುಡು" ಅಂದರು. ನಿಮಗೆ ಗೊತ್ತಿರುವ ಪದ್ಧತಿಯೇ. ಮನೆಯಿಂದ ಒಂದು ಆಳು ತೋಟಕ್ಕೆ ಇಳಿದರೆ ಲೈನಿನಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ. ಗಂಡ ಸತ್ತ, ಮಗಳು ಮದುವೆಯಾಗಿ ಹೋದಳು, ನನ್ನ ಮನೆಯ ಆಳು ಅಂದರೆ ನಾನೇ. ನಿಮ್ಮನ್ನು ಕಾರಿನಲ್ಲಿ ಕಳಿಸಿದರು, ನನ್ನನ್ನು ಟ್ರ್ಯಾಕ್ಟರಿನಲ್ಲಿ. ಅಷ್ಟೇ ವ್ಯತ್ಯಾಸ.

ನನ್ನ ಪುಣ್ಯಕ್ಕೆ, ವಿಧವೆಯರಿಗೆ ಅಂತ ಸಂಘದವರು ಹಿಂದೆ ಬಿದ್ದು ಕೊಡಿಸಿದ ಸರ್ಕಾರದ ಆಶ್ರಯ ಮನೆ ಆಲೂರಿನ ಅಂಚಿನಲ್ಲಿ ಇತ್ತು. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಹಿಂದೆ ಬಚ್ಚಲು. ಬೀಗದ ಕೈ ನನ್ನ ಸೆರಗಿನಲ್ಲಿದೆ. ಈ ವಯಸ್ಸಿಗೆ ಮೊದಲ ಸಲ. ಶುಂಠಿ ಹೊಲಕ್ಕೆ ಕಳೆ ಕೀಳಲು ಹೋಗುತ್ತೇನೆ. ಎದುರು ಮನೆಯ ಕುಬ್ರಾ ಒಳ್ಳೆಯವಳು. ಗಂಡ ಅಬ್ಬಾಸ್ ಲಾರಿ ಓಡಿಸುತ್ತಾನೆ, ಘಟ್ಟ ಇಳಿದರೆ ವಾರಗಟ್ಟಲೆ ಬರುವುದಿಲ್ಲ.

ಲೈನಿನಲ್ಲಿ ಗೋಡೆಯಾಚೆ ಯಾರು ಕೆಮ್ಮಿದರೂ ಕೇಳುತ್ತಿತ್ತು. ಆಗ ಬೈದುಕೊಳ್ಳುತ್ತಿದ್ದೆ. ಇಲ್ಲಿ ನನ್ನ ಗೋಡೆಯಾಚೆ ಖಾಲಿ ಸೈಟು. ಸಂಜೆ ಒಲೆ ಹಚ್ಚಿದ ಮೇಲೆ ಮಾತಾಡುವುದಕ್ಕೆ ಬೆಂಕಿ ಬಿಟ್ಟರೆ ಇನ್ನೊಬ್ಬರಿಲ್ಲ. ಅದಕ್ಕೇ ಒಂದು ಮಾತು ಕೇಳುತ್ತೇನೆ, ಬೈಯುವುದಾದರೆ ಪೂರ್ತಿ ಓದಿ ಬೈಯಿರಿ. ಕೋಣೆಯಲ್ಲಿ ಎರಡು ಮಂಚ ಹಿಡಿಯುತ್ತದೆ. ನಿಮಗೆ ಒಂದು ಜಾಗ ಬೇಕು, ನನಗೆ ಒಂದು ಜೊತೆ ಬೇಕು. ಬಂದು ಇರಿ.

ಭೂತಮ್ಮ

*

ಮೈಸೂರು
13-3-2005

ಭೂತಮ್ಮನಿಗೆ ಆಶೀರ್ವಾದ.

ನಿನ್ನನ್ನೂ ಕಳಿಸಿಬಿಟ್ಟರಾ? ಹಿಂದೆ ನಾನು ಆಡಿದ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನೀನು ಕರೆದದ್ದು ನಿನ್ನ ದೊಡ್ಡ ಗುಣ. ಆದರೆ ನಾನು ಅಲ್ಲಿ ಬಂದು ಇರುವುದು ಆಗುವ ಮಾತೇ? ಜನ ನಗುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆದಿದೆ. ನೀನೇ ಇಲ್ಲಿಗೆ ಬಾ! ಕಸ ಪಾತ್ರೆಗೆ ಬರುತ್ತಿದ್ದವಳು ಬಿಟ್ಟುಹೋಗಿದ್ದಾಳೆ. ಮಾನಸಳ ಹತ್ತಿರ ಮಾತಾಡಿದ್ದೇನೆ, ಅವಳೂ ಒಪ್ಪಿದ್ದಾಳೆ. ಮೆಟ್ಟಿಲ ಕೆಳಗೆ ಹಾಸಿಕೊಳ್ಳಲು ಜಾಗವಿದೆ, ಸಂಬಳ ನಾನು ನಿಂತು ಕೊಡಿಸುತ್ತೇನೆ. ಅವರು ಬ್ಯಾಂಕಿಗೆ ಹೋದ ಮೇಲೆ ಮನೆಯೆಲ್ಲ ನಮ್ಮದೇ. ನೀನು ಕೆಲಸ ಮಾಡುತ್ತಿರು, ನಾನು ಕೂತು ಮಾತಾಡುತ್ತಿರುತ್ತೇನೆ. ಹಳೆಯ ಕಾಲದ ಹಾಗೆ. ಯಾವತ್ತು ಹೊರಡುತ್ತೀಯ ಅಂತ ಬರೆ, ನಾನೇ ಬಸ್ ಸ್ಟ್ಯಾಂಡಿಗೆ ಬರುತ್ತೇನೆ.

ಎಷ್ಟೋ ದಿನದ ಮೇಲೆ ಸಂತೋಷವಾಗಿದೆ.

ಸರ್ವಮಂಗಳ

*

ಆಲೂರು
10-4-2005

ಮಂಗಳಮ್ಮನವರಿಗೆ ಭೂತಮ್ಮನ ನಮಸ್ಕಾರ.

ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಅಳು. ನಾನು ನಿಮ್ಮನ್ನು ಮನೆಗೆ ಕರೆದೆ. ನೀವು ನನ್ನನ್ನು ಕೆಲಸಕ್ಕೆ ಕರೆದಿರಿ. ಅದೂ ನಿಮ್ಮದಲ್ಲದ ಮನೆಗೆ.

ಕೆಲಸಕ್ಕೆ ನಾನು ಹೆದರುವವಳಲ್ಲ. ಆದರೆ ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅಂತ ನಮ್ಮವ್ವ ಹೇಳುತ್ತಿದ್ದಳು. ಅವಳಿಗೆ ಗುಡಿಸಲೂ ಸಿಗಲಿಲ್ಲ. ನನಗೆ ಸಿಕ್ಕಿದೆ. ಅದಕ್ಕೆ ಬೀಗ ಹಾಕಿ ಬಂದು ಮೆಟ್ಟಿಲ ಕೆಳಗೆ ಮಲಗಲಾರೆ.

ಜನ ನಗುತ್ತಾರೆ ಅಂದಿರಿ. ಯಾವ ಜನ ಅಮ್ಮಾವ್ರೇ? ನಿಮ್ಮ ಹೆಸರೂ ಗೊತ್ತಿಲ್ಲದ ಆ ಬೀದಿಯ ಜನವೇ? ಅವರ ನಗು ಕಟ್ಟಿಕೊಂಡು ಏನಾಗಬೇಕು?

ಇನ್ನೊಂದು ಸಲ ಕರೆಯುತ್ತೇನೆ. ಹಾಸನಕ್ಕೆ ಬಂದು ಸಕಲೇಶಪುರದ ಬಸ್ಸು ಹತ್ತಿ, ಆಲೂರಿನಲ್ಲಿ ಇಳಿಯಿರಿ. ನೋಡಿ, ಒಗ್ಗಿದರೆ ಇರಿ. ಒಗ್ಗದಿದ್ದರೆ ಯಾರೂ ಕಟ್ಟಿಹಾಕುವುದಿಲ್ಲ.

ಭೂತಮ್ಮ

*

ಮೈಸೂರು
5-6-2005

ಭೂತಮ್ಮನಿಗೆ.

ಹೇಳದೆ ಹೊರಟು ಬಂದದ್ದಕ್ಕೆ ನಿನಗೆ ಬೇಜಾರಾಗಿರುತ್ತದೆ. ಯಾಕೆ ಬಂದೆ ಅಂತ ಬರೆಯದಿದ್ದರೆ ನನಗೂ ನೆಮ್ಮದಿಯಿಲ್ಲ.

ಮಾನಸ, ಅಳಿಯ, ಮಗು ಊಟಿಗೆ ಹೋದರು. ಮನೆ ಕಾಯಬೇಕಾದವಳು ಬೀಗ ಹಾಕಿ ಬಸ್ಸು ಹತ್ತಿದೆ. ಹುಡುಗಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಗ್ಗಿದರೆ ವಾಪಸ್ ಹೋಗುವುದೇ ಇಲ್ಲ ಅಂತ ಸೀರೆಗಳನ್ನೆಲ್ಲ ತುಂಬಿಕೊಂಡಿದ್ದೆ. ನಾನು ಮೊದಲೇ ಹಾಕಿದ್ದ ಕಾರ್ಡು ನೋಡಿ ನೀನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಮನೆ ಸಾರಿಸಿ, ರಂಗೋಲಿ ಹಾಕಿ, ಕುಬ್ರಾಳ ಮನೆಯಿಂದ ಕುರ್ಚಿ ತಂದಿಟ್ಟಿದ್ದೆ. ಹೊಸ ಪಾತ್ರೆಯಲ್ಲಿ ಅಡುಗೆ ಮಾಡಿದ್ದೆ. ಅದನ್ನೆಲ್ಲ ನಾನು ನೋಡಲಿಲ್ಲ ಅಂದುಕೊಳ್ಳಬೇಡ.

ಆದರೆ ನೀನು ಕೂರಲಿಲ್ಲ. ನಾನು ಉಂಡೆ, ನೀನು ನಿಂತಿದ್ದೆ. ನಾನು ಮಾತಾಡಿದೆ, ನೀನು ಗೋಡೆಗೆ ಒರಗಿ ನಿಂತು ಕೇಳಿದೆ. "ಕೂತ್ಕೊಳೇ" ಅಂದರೆ "ಇರ್ಲಿ ಬುಡಿ ಅಮ್ಮಾವ್ರೇ" ಅಂದೆ. ಆಮೇಲೆ ನೀನು ಒಲೆಯ ಹತ್ತಿರ ಅತ್ತ ತಿರುಗಿ ಉಂಡೆ. ಮರುದಿನವೂ ಅದೇ. ಮಧ್ಯಾಹ್ನ ನಾನು ಒಳಗೆ ಮಲಗಿದ್ದೆ, ಕುಬ್ರಾ ಬಂದಳು. ನೀವಿಬ್ಬರೂ ಹೊಸಿಲ ಮೇಲೆ ಒತ್ತಿಕೊಂಡು ಕೂತು, ಅವಳ ತೊಡೆಗೆ ಹೊಡೆದು ನೀನು ನಗುತ್ತಿದ್ದೆ. ಅಷ್ಟು ವರ್ಷದಲ್ಲಿ ನೀನು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ನಾನೂ ಸೇರಿಕೊಳ್ಳೋಣ ಅಂತ ಎದ್ದು ಬಂದೆ. ನೀನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

ಆಗಲೇ ಗೊತ್ತಾಯಿತು. ನಾನಿರುವಷ್ಟು ದಿನ ಆ ಮನೆಯಲ್ಲೂ ನೀನು ಆಳಾಗಿಯೇ ಇರುತ್ತೀಯ. ನಿನಗೊಂದು ಮನೆಯಾದದ್ದೇ ಈಗ. ನಿನ್ನ ಮನೆಯಲ್ಲಿ ನೀನು ಕೂರಬೇಕಲ್ಲ? ಅದಕ್ಕೇ ಮರುದಿನ ಬೆಳಗ್ಗೆ ನೀನು ಪೇಟೆಗೆ ಹೋದಾಗ ಹೊರಟುಬಿಟ್ಟೆ.

ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಊಟಿಯಿಂದ ಬಂದ ಮಾನಸ ಬಾಗಿಲಲ್ಲೇ "ಅತ್ತೆ, ಹಾಲು ತಗೊಂಡಿದ್ದೀರಾ?" ಅಂತ ಕೇಳಿದಳು. ತಗೊಂಡಿದ್ದೆ.

ಸರ್ವಮಂಗಳ

*

ಆಲೂರು
19-6-2005

ಮಂಗಳಮ್ಮನವರಿಗೆ.

ಅವತ್ತು ನಾನು ಪೇಟೆಗೆ ಹೋಗಿದ್ದು ಮಾವಿನಹಣ್ಣಿಗೆ. ವಾಪಸ್ ಬಂದಾಗ ನಿಮ್ಮ ಬ್ಯಾಗು ಇರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಹಾಸನದ ಬಸ್ಸು ಹೋಗಿಯಾಗಿತ್ತು. ನಾನು ಏನು ತಪ್ಪು ಮಾಡಿದೆನೋ ಅಂತ ಕಾಗದ ಬರುವವರೆಗೂ ಕೊರಗಿದೆ.

ಈಗ ಓದಿದೆ. ನನಗೋಸ್ಕರ ಹೋದೆ ಅಂತ ಬರೆದಿದ್ದೀರಿ. ನಾನು ಕೇಳಿದ್ದೆನೇ? ನಾನು ಯಾವಾಗ ತೋಟಕ್ಕೆ ಹೋಗಬೇಕು, ಯಾವಾಗ ಒಳಗೆ ಬರಬೇಕು ಅಂತ ನಿಮ್ಮ ಮನೆಯವರೇ ಹೇಳಿದರು. ನಾನು ಎಲ್ಲಿ ಕೂರಬೇಕು ಅನ್ನುವುದನ್ನೂ ನೀವೇ ತೀರ್ಮಾನ ಮಾಡಿ ಹೊರಟುಬಿಟ್ಟಿರಿ. ನನ್ನ ಮೇಲೆ ಪ್ರೀತಿಯಿಂದಲೇ ಮಾಡಿದಿರಿ, ಗೊತ್ತು. ಅದಕ್ಕೇ ಹೆಚ್ಚು ಸಂಕಟ.

ನಿಜ ಹೇಳುತ್ತೇನೆ. ಮೊದಲ ದಿನ ನಿಂತದ್ದು ಅಭ್ಯಾಸಬಲಕ್ಕೆ. ನಿಮ್ಮ ಮುಖ ಕಂಡರೆ ಕಾಲು ತಾನಾಗಿಯೇ ನಿಲ್ಲುತ್ತದೆ, ಅದಕ್ಕೆ ನಾನೇನು ಮಾಡಲಿ. ಆದರೆ ಎರಡನೆಯ ದಿನ ನಿಂತದ್ದು ಬೇರೆ. ಲೈನಿನ ಮನೆಗೆ ಊಟಕ್ಕೆ ಅಂತ ಯಾರು ಬರುತ್ತಾರೆ? ಇಷ್ಟು ವರ್ಷ ಬದುಕಿ ನನ್ನ ಮನೆಗೆ ಬಂದ ಮೊದಲ ನೆಂಟರು ನೀವು. ನೆಂಟರು ಉಣ್ಣುವಾಗ ಮನೆಯ ಯಜಮಾನಿ ಕೂತರೆ ಸಾರು ಬಡಿಸುವವರು ಯಾರು? ಅವರು ಉಂಡ ಮೇಲೆ ತಾನೇ ಅವಳು ಉಣ್ಣುವುದು? ಕುಬ್ರಾ ನೆಂಟಳಲ್ಲ, ದಿನಾ ಬಂದು ಹೋಗುವವಳು. ಅವಳಿಗೆ ಏಳುವುದಿಲ್ಲ, ನಿಮಗೆ ಎದ್ದೆ.

ನಿಮ್ಮ ಅತ್ತಿಗೆಯವರು ಬಂಗಲೆಯಲ್ಲಿ ಹಬ್ಬಹಬ್ಬಕ್ಕೂ ನಿಂತೇ ಎಲ್ಲರಿಗೂ ಬಡಿಸುತ್ತಿದ್ದರು, ಕೊನೆಗೆ ಒಬ್ಬರೇ ಉಣ್ಣುತ್ತಿದ್ದರು. ಅವರನ್ನು ನೋಡಿ ನೀವು ಯಾವತ್ತೂ ಆಳು ಅಂದುಕೊಳ್ಳಲಿಲ್ಲ. ನಾನು ನಿಂತರೆ ಮಾತ್ರ ನಿಮಗೆ ಆಳೇ ಕಂಡಳು.

ಮಾವಿನಹಣ್ಣನ್ನು ಕುಬ್ರಾಳ ಮಕ್ಕಳಿಗೆ ಕೊಟ್ಟೆ. ಅವತ್ತು ಮಧ್ಯಾಹ್ನ ನಿಮಗೂ ನನಗೂ ಒಟ್ಟಿಗೇ ಎಲೆ ಹಾಕಬೇಕು ಅಂತಿದ್ದೆ. ಎರಡು ದಿನ ನೆಂಟರು, ಮೂರನೆಯ ದಿನ ಮನೆಯವರು ಅಂತ ನಮ್ಮಲ್ಲಿ ಲೆಕ್ಕ. ಮೂರನೆಯ ದಿನ ನೀವು ಬಸ್ಸು ಹತ್ತಿದಿರಿ.

ಭೂತಮ್ಮ